ಮಣಿ ಬ್ಯಾಗಿನೊಳಗೆ ಬಾಳೆಹಣ್ಣು

ಗಾಜಿನ ಮಣಿ ಪೋಣಿಸಿದ ರೇಷ್ಮೆ ಬ್ಯಾಗಿನೊಳಗೆ ಬಾಳೆಹಣ್ಣು ಇಡಬಹುದೇ? ಈ ಪ್ರಶ್ನೆಯನ್ನು ನಾನು ಊರಿಗಾಂ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳಲ್ಲಿ ಸುಮಾರು ಅರವತ್ತು ಜನರಿಗೆ ಕೇಳಿದ್ದೇನೆ. ಒಬ್ಬರಾದರೂ "ಛೇ, ಇಡಬಾರದು" ಅನ್ನಲಿಲ್ಲ. "ಯಾವ ಬಾಳೆಹಣ್ಣು?" ಎಂದು ಕೇಳಿದರು. ಏಲಕ್ಕಿ ಬಾಳೆ ಎಂದರೆ, "ಅಂಗಾದ್ರೆ ಇಡಿಸ್ತದೆ ಬಿಡಿ" ಅಂದರು. ಇಂಥ ಜನರ ನಡುವೆ ನಾನು ಐವತ್ತಾರು ವರ್ಷ ಬದುಕಿದ್ದೇನೆ.

ನನ್ನ ಹೆಸರು ಕೋದಂಡಪ್ಪ. ಕೆಜಿಎಫ್‌ನ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ. ಊರಿಗಾಂನಲ್ಲಿ ಗಣಿ ಕಂಪನಿ ಕಾಲದ ಹಳೆಯ ಮನೆ, ಒಬ್ಬಳು ಹೆಂಡತಿ ಶಶಿರೇಖ, ಒಬ್ಬಳು ಮಗಳು ಸುಮಿತಾ, ಇಪ್ಪತ್ತೇಳು ಮಣಿ ಬ್ಯಾಗುಗಳು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿದ್ದ ದೊರೆಸಾನಿಯರು ಸಂಜೆ ಕ್ಲಬ್ಬಿನ ಡಾನ್ಸಿಗೆ ಹೋಗುವಾಗ ಕೈಯಲ್ಲಿ ಹಿಡಿಯುತ್ತಿದ್ದ ಪುಟ್ಟ ಬ್ಯಾಗುಗಳು ಇವು. ಒಳಗೆ ಒಂದು ಕರವಸ್ತ್ರ, ಒಂದು ಕನ್ನಡಿ ಹಿಡಿಸಿದರೆ ಹೆಚ್ಚು. ಹೊರಗೆಲ್ಲ ಸಾಸಿವೆ ಗಾತ್ರದ ಮಣಿಗಳು, ಒಂದೊಂದನ್ನೂ ಯಾರೋ ಕಣ್ಣು ಸವೆಸಿಕೊಂಡು ಪೋಣಿಸಿದ್ದು. ದೊರೆಗಳು ಹೋದರು, ಗಣಿ ಮುಚ್ಚಿತು, ಅವರು ಬಿಟ್ಟುಹೋದ ಟ್ರಂಕುಗಳು ಕೈಯಿಂದ ಕೈಗೆ ದಾಟಿ ಗುಜರಿ ಸೇರಿದವು.

ಒಂಬತ್ತು ವರ್ಷದ ಹಿಂದೆ ಕುಕ್ಕರಿನ ಹಿಡಿ ಹುಡುಕಿಕೊಂಡು ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಗೆ ಹೋಗಿದ್ದೆ. ಹಳೆ ಸ್ಟವ್ವಿನ ಕೆಳಗೆ ನೀಲಿ ಮಣಿಯ ಒಂದು ಬ್ಯಾಗು ಬಿದ್ದಿತ್ತು. ಅಂಗಡಿಯ ಸೆಲ್ವರಾಜ್, "ಇಡಿ ಜೊತೆ ಅದ್ನೂ ತಗೊಂಡು ಓಗಿ ಸಾರ್, ಇಲ್ಲಿದ್ರೆ ಇಲಿ ಕಚ್ತದೆ" ಅಂದ. ಅಂಥ ಕುಸುರಿ ಕೆಲಸವನ್ನು ಇಲಿಗೆ ಬಿಟ್ಟವನ ಮೇಲೆ ನನಗೆ ಬಂದ ಸಿಟ್ಟೇ ನನ್ನ ಸಂಗ್ರಹದ ಆರಂಭ. ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ಗುಜರಿ, ಹಳೆ ಟ್ರಂಕು ಮಾರುವವರ ಮನೆ, ಬಂಗಾರಪೇಟೆ ಸಂತೆ. ಒಂದೊಂದು ಬ್ಯಾಗನ್ನೂ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ, ನಂಬರು ಬರೆದು, ಬೀರುವಿನ ಮೇಲಿನ ಅರೆಯಲ್ಲಿ ಇಟ್ಟೆ. ಹದಿನಾಲ್ಕನೇ ನಂಬರಿನದು ಎಲ್ಲಕ್ಕೂ ಮೇಲು. ಕಪ್ಪು ಮಣಿ, ಅದರ ಮೇಲೆ ಬೆಳ್ಳಿ ಬಣ್ಣದ ಮಣಿಯಲ್ಲಿ ಒಂದು ದ್ರಾಕ್ಷಿ ಗೊಂಚಲು. ಅದನ್ನು ನಾನು ವರ್ಷಕ್ಕೆ ಎರಡು ಸಲ ಮಾತ್ರ ಬಿಚ್ಚಿ ನೋಡುತ್ತಿದ್ದೆ. ಉಳಿದ ದಿನ ಅದು ಅಲ್ಲಿದೆ ಎಂಬ ನೆಮ್ಮದಿಯಲ್ಲೇ ಕಾರ್ಖಾನೆಗೆ ಹೋಗಿ ಬರುತ್ತಿದ್ದೆ.

ಇನ್ನು ಮಗಳ ವಿಚಾರ. ಸುಮಿತಾ ಬಂಗಾರಪೇಟೆಯ ಶಾಲೆಯಲ್ಲಿ ಟೀಚರು. ಅಲ್ಲಿ ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ರವಿಕಿರಣನನ್ನು ಅವಳೇ ಮೆಚ್ಚಿದಳು. ಅದನ್ನು ನಮಗೆ ಹೇಳಲು ಧೈರ್ಯವಿಲ್ಲದೆ ಎರಡು ವರ್ಷ ತಿಂಗಳಿಗೊಮ್ಮೆ ತನ್ನ ಫೋನು ಕೆಡಿಸಿಕೊಂಡಳು. ಕೊನೆಗೆ ಹುಡುಗನ ತಾಯಿ ದ್ಯಾವಮ್ಮನವರೇ ಮನೆಗೆ ಬಂದು ಹೆಣ್ಣು ಕೇಳಿದರು. ಅವರದು ಕ್ಯಾಸಂಬಳ್ಳಿ ಕಡೆಯ ಹಳ್ಳಿ, ಹಾಲಿನ ವ್ಯಾಪಾರ ಮಾಡಿಕೊಂಡು ಬಂಗಾರಪೇಟೆಗೆ ಬಂದು ನೆಲೆ ನಿಂತವರು, ಮಾತು ಕಡಿಮೆ. ಎಲ್ಲರೂ ಒಪ್ಪಿದೆವು. ಸುಮಿತಾ ಅಷ್ಟು ಸಂತೋಷವಾಗಿ ಓಡಾಡಿದ್ದನ್ನು ನಾನು ಅವಳು ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಕಂಡಿರಲಿಲ್ಲ.

ನಮ್ಮ ಕಡೆ ನಿಶ್ಚಿತಾರ್ಥವೆಂದರೆ ತಾಂಬೂಲ ಬದಲಾಯಿಸುವುದು. ಎಲೆ ಅಡಿಕೆ ಈ ಮನೆಯಿಂದ ಆ ಮನೆಗೆ ಹೋಯಿತೆಂದರೆ ಮಾತು ಗಟ್ಟಿಯಾಯಿತು. ಅದಕ್ಕೆ ಸಾಕ್ಷಿಯಾಗಿ ಬಂದ ಹೆಂಗಸರಿಗೂ ಹೊರಡುವಾಗ ಎಲೆ, ಅಡಿಕೆ, ಅರಿಶಿನದ ಕೊಂಬು, ಬಾಳೆಹಣ್ಣುಗಳನ್ನು ಚೀಲದಲ್ಲಿಟ್ಟು ಕೊಡಬೇಕು. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ನೆನಪಿಗೆ ಬರಲಿಲ್ಲ, ಅಷ್ಟೇ.

ನಿಶ್ಚಿತಾರ್ಥಕ್ಕೆ ಹೆಸರು ಅಚ್ಚು ಹಾಕಿಸಿದ ಬಟ್ಟೆ ಚೀಲ ತಂದಿದ್ದೆ. ಹುಡುಗನ ಕಡೆಯವರು ಹೇಳಿದ್ದಕ್ಕಿಂತ ಒಂದು ವ್ಯಾನು ಜಾಸ್ತಿ ಬಂದರು. ನಾನು ಆ ವ್ಯಾನನ್ನು ಎಲ್ಲಿ ನಿಲ್ಲಿಸುವುದೆಂದು ಡ್ರೈವರನ ಹತ್ತಿರ ಜಗಳವಾಡುತ್ತ ಬೀದಿಯಲ್ಲಿದ್ದೆ. ಒಳಗೆ ಚೀಲ ಮುಗಿಯಿತು. ಹೆಂಡತಿಯ ಅಕ್ಕ ಮಂಗಮ್ಮ ಅಲ್ಲಿದ್ದರು. ಮಂಗಮ್ಮ ಇರುವ ಕಡೆ ಯಾವ ಸಮಸ್ಯೆಯೂ ಐದು ನಿಮಿಷಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಅವರು ಬೀರು ತೆಗೆದರು.

ಮಾರನೆಯ ದಿನ ಬೆಳಿಗ್ಗೆ ನಾನು ಬೀರು ತೆಗೆದೆ. ಮೇಲಿನ ಅರೆಯಲ್ಲಿ ಇಪ್ಪತ್ತೇಳು ಪಂಚೆ ತುಂಡುಗಳಿದ್ದವು. ನೀಟಾಗಿ ಮಡಚಿ, ನಂಬರಿನ ಪ್ರಕಾರ ಒಂದರ ಮೇಲೊಂದು ಜೋಡಿಸಿದ್ದರು. ಬ್ಯಾಗು ಮಾತ್ರ ಒಂದೂ ಇರಲಿಲ್ಲ.

ಮಂಗಮ್ಮ ಅಡುಗೆಮನೆಯಲ್ಲಿ ಉಳಿದ ಚಿತ್ರಾನ್ನ ಬಿಸಿ ಮಾಡುತ್ತಿದ್ದರು.

"ಅತ್ತಿಗೆ, ಬೀರುವಿನಲ್ಲಿದ್ದ ಬ್ಯಾಗುಗಳೆಲ್ಲಿ?"

"ಚೀಲ ಸಾಲ್ದೆ ಓಯ್ತು ಕಣಪ್ಪ. ನೋಡಿದ್ರೆ ನೀನು ಇಷ್ಟೊಂದು ತಂದು ಮಡಗಿದ್ದೀಯ. ಮಗಳ ನಿಶ್ಚಯಕ್ಕೇಂತ ಮುಂಚೇನೇ ತಂದಿಟ್ಟವ್ನೆ, ಬಾಯಿಬಿಟ್ಟು ಏಳಿಲ್ಲ ಅಂದ್ಕಂಡೆ. ನಿನ್ ಮೇಲೆ ನಂಗೆ ಒಳ್ಳೇ ಅಭಿಪ್ರಾಯ ಬಂದಿದ್ದು ಅದೊಂದೇ ಕಿತ."

"ಅದರೊಳಗೆ ಏನೇನು ಇಟ್ಟಿರಿ?"

"ಇನ್ನೇನ್ ಇಡ್ತಾರೆ? ಎಲೆ, ಅಡಿಕೆ, ಅರಿಶ್ನದ ಕೊಂಬು, ಬಾಳೆಹಣ್ಣು. ಬಾಳೆಹಣ್ಣು ಇಟ್ರೆ ಕೊಕ್ಕೆ ಮುಚ್ಲಿಲ್ಲ. ಒಸಿ ಒತ್ತಿದೆ."

ಒಸಿ ಒತ್ತಿದೆ ಎಂದರು. ಆ ಎರಡು ಪದ ಕೇಳಿ ನಾನು ಗ್ಯಾಸ್ ಸಿಲಿಂಡರಿನ ಮೇಲೆ ಕೂತುಬಿಟ್ಟೆ.

"ಹದಿನಾಲ್ಕನೇ ನಂಬರು ಯಾರಿಗೆ ಕೊಟ್ಟಿರಿ? ಕಪ್ಪು ಮಣಿಯದ್ದು?"

"ಆ ಕರೀದಾ? ದ್ಯಾವಮ್ಮಂಗೆ. ಬೀಗಿತ್ತಿ ಅಲ್ವಾ, ಇದ್ದುದ್ರಾಗೆ ಚೆನ್ನಾಗಿರೋದೇ ಕೊಡ್ಬೇಕು. ತೆಂಗಿನ್‌ಕಾಯಿ ಮಾತ್ರ ಇಡಿಸ್ಲೇ ಇಲ್ಲ, ಕೈಗೆ ಕೊಟ್ಟೆ. ಇನ್ನೊಂದ್ಸಲ ತರೋವಾಗ ಒಸಿ ದೊಡ್ಡದು ನೋಡಿ ತಗಂಬಾ."

ನಾನು ಅಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಪಕ್ಕದ ಮನೆಯ ಮಾರಿಯಮ್ಮ ಕಿಟಕಿ ತೆಗೆದರು ಎಂಬುದಷ್ಟನ್ನು ಹೇಳಿದರೆ ಸಾಕು. ಶಶಿರೇಖ ಬಂದು, "ಹೋಗ್ಲಿ ಬಿಡ್ರೀ, ಹಳೇ ಬ್ಯಾಗು, ಮುತ್ತೈದೆಯರ ಮನೆ ಸೇರಿವೆ, ಒಳ್ಳೇದೇ ಆಯ್ತು" ಅಂದಳು. ಒಂಬತ್ತು ವರ್ಷ ಒಂದೇ ಸೂರಿನ ಕೆಳಗೆ ಆ ಬ್ಯಾಗುಗಳ ಜೊತೆ ಬಾಳಿದವಳು ಇವಳು. ನಾನು ಅಂಗಿ ಹಾಕಿಕೊಂಡು ನೇರ ಠಾಣೆಗೆ ಹೋದೆ.

ಠಾಣೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಮುನಿರಾಜ್ ಇದ್ದರು, ನಮ್ಮ ಬೀದಿಯವರೇ. ಪಾಪ, ಬಹಳ ಮರ್ಯಾದೆಯಿಂದ ಕಾಗದ ಪೆನ್ನು ತೆಗೆದುಕೊಂಡರು.

"ಏನ್ ಕಳುವಾಗೈತೆ ಸಾರ್?"

"ಇಪ್ಪತ್ತೇಳು ಮಣಿ ಬ್ಯಾಗು. ಬೀರುವಿನಿಂದ."

"ಬೀಗ ಒಡೆದವ್ರಾ?"

"ಇಲ್ಲ. ಬೀಗದಕೈ ಬೀರುವಿನಲ್ಲೇ ಇತ್ತು."

"ಯಾರ ಮೇಲಾದ್ರೂ ಅನುಮಾನ ಐತಾ?"

"ಅನುಮಾನವೇನಿಲ್ಲ, ಅವರೇ ಒಪ್ಪಿಕೊಂಡಿದ್ದಾರೆ. ನನ್ನ ಹೆಂಡತಿಯ ಅಕ್ಕ."

ಮುನಿರಾಜ್ ಪೆನ್ನು ಕೆಳಗಿಟ್ಟರು. "ಮಾಲು ಈಗ ಎಲ್ಲೈತೆ?"

"ಇಪ್ಪತ್ತೇಳು ಮುತ್ತೈದೆಯರ ಮನೆಯಲ್ಲಿ. ಎಲೆ ಅಡಿಕೆ ಸಮೇತ."

ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು. "ಅಸಿರು ಮಣೀದು, ಕೊಕ್ಕೆ ಒಸಿ ಬಿಗಿ. ಅದೂ ನಿಮ್ದೇನಾ?"

"ಎಂಟನೇ ನಂಬರು. ನಿಮಗೆ ಹೇಗೆ ಗೊತ್ತು?"

"ನಮ್ಮನೆಯವಳಿಗೂ ಕೊಟ್ಟವ್ರೆ. ಆಧಾರ್ ಕಾರ್ಡು, ರೇಷನ್ ಕಾರ್ಡು ಎಲ್ಲ ಅದ್ರಾಗೇ ಮಡಿಕ್ಕಂಡವ್ಳೆ. ನೋಡಿ ಸಾರ್, ನಾನಿದನ್ನ ಕಳುವು ಅಂತ ಬರ್ಕಂಡ್ರೆ ನನ್ ಎಂಡ್ತೀನ ನಾನೇ ಕರ್ಕಂಬಂದು ಇಲ್ಲಿ ಕೂರಿಸ್ಬೇಕು." ಆಮೇಲೆ ಮೇಜಿನ ಮೇಲೆ ಬಗ್ಗಿ, ಇನ್ನೂ ಮೆಲ್ಲಗೆ, "ನಿಶ್ಚಯ ಮಾಡಿ ಮಾರ್ನೇ ದಿನಾನೇ ತಾಂಬೂಲ ವಾಪಸ್ ಕೇಳ್ತಾ ಇದ್ದೀರಲ್ಲ, ಹುಡುಗನ ಕಡೆ ಏನಾದ್ರೂ ಸಮಸ್ಯೆನಾ?"

"ಸಮಸ್ಯೆ ಹುಡುಗನದಲ್ಲ, ಬಾಳೆಹಣ್ಣಿನದು" ಎಂದೆ ನಾನು. ಅವರು ಗಂಭೀರವಾಗಿ ತಲೆಯಾಡಿಸಿದರು. ಮುನಿರಾಜ್ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರು. ಊಟದ ಹೊತ್ತಿಗೆ ಅವರ ಹೆಂಡತಿಗೆ ಗೊತ್ತಾಯಿತು, ಸಂಜೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ನಮ್ಮ ಸಾಲುಮನೆಗಳ ಇಡೀ ಲೈನಿಗೆ ಗೊತ್ತಾಯಿತು. ಗೊತ್ತಾಗದೆ ಉಳಿದವರು ನಮ್ಮ ಮನೆಯವರು ಮೂರು ಜನ ಮಾತ್ರ.

ಎರಡು ದಿನ ಬಿಟ್ಟು ನಾನು ರಜೆ ಹಾಕಿ ಬಂಗಾರಪೇಟೆಗೆ ಹೋದೆ. ಉಳಿದ ಇಪ್ಪತ್ತಾರು ಆಮೇಲೆ ನೋಡಿಕೊಳ್ಳೋಣ, ಮೊದಲು ಹದಿನಾಲ್ಕನೇ ನಂಬರು ಎಂಬುದು ನನ್ನ ತೀರ್ಮಾನ. ದ್ಯಾವಮ್ಮನವರ ಮನೆ ರೈಲ್ವೆ ಗೇಟಿನ ಆಚೆ. ಒಳಗೆ ಕಾಲಿಟ್ಟವನಿಗೆ ಮೊದಲು ಕಂಡದ್ದು ದೇವರ ಗೂಡು. ವೆಂಕಟರಮಣನ ಪಟದ ಮುಂದೆ ಹದಿನಾಲ್ಕನೇ ನಂಬರು ಕೂತಿತ್ತು. ದ್ರಾಕ್ಷಿ ಗೊಂಚಲಿನ ನಡುಮಧ್ಯೆ ಕುಂಕುಮ ಹಚ್ಚಿದ್ದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಚಾಪೆಯ ಮೇಲೆ ಕೂತೆ.

"ದ್ಯಾವಮ್ಮನವರೇ, ತಪ್ಪು ತಿಳಿಯಬೇಡಿ. ಆ ಬ್ಯಾಗು ನನಗೆ ವಾಪಸ್ ಬೇಕು."

"ಯಾವ ಬ್ಯಾಗು ಬೀಗ್ರೇ?"

"ನಿಶ್ಚಯದ ದಿನ ತಾಂಬೂಲ ಇಟ್ಟು ಕೊಟ್ಟರಲ್ಲ, ಅದು. ಒಳಗಿರುವುದು ನೀವೇ ಇಟ್ಟುಕೊಳ್ಳಿ, ಬ್ಯಾ‌ಗು ಕೊಟ್ಟರೆ ಸಾಕು."

ಕಾಫಿ ತರಲು ಎದ್ದಿದ್ದ ದ್ಯಾವಮ್ಮ ಅಲ್ಲೇ ಕೂತರು. "ತಾಂಬೂಲ ಬೇರೆ, ಅದನ್ನ ಕೊಟ್ಟ ಚೀಲ ಬೇರೆ ಅಂತ ಐತೇನಣ್ಣ? ಮದುವೆ ಆಗೋಗಂಟ ದೇವ್ರ ಮುಂದೆ ಇರ್ಬೇಕು ಅದು."

"ಅದಕ್ಕೂ ಇದಕ್ಕೂ ಸಂಬಂಧವಿಲ್ಲಮ್ಮ. ನಾನು ಇಲ್ಲದ ಹೊತ್ತಲ್ಲಿ ಹೆಂಗಸರು ಕೊಟ್ಟುಬಿಟ್ಟಿದ್ದಾರೆ. ನೂರು ವರ್ಷದ ಹಿಂದಿನ ಬ್ಯಾಗು ಅದು, ನನ್ನ ಸಂಗ್ರಹದ್ದು."

"ಒಂದು ಬ್ಯಾಗು ಕೇಳೋಕೆ ಕೆಲ್ಸಕ್ಕೆ ರಜಾ ಆಕಿ ಬಂದ್ರಾ?"

"ಹೌದು."

"ಇನ್ನೇನೂ ಇಲ್ವಾ? ಇದ್ರೆ ಏಳಿ ಬೀಗ್ರೇ. ಬಾಯಿಬಿಟ್ಟು ಏಳೋದು ವಾಸಿ."

"ಇನ್ನೇನೂ ಇಲ್ಲ. ಬ್ಯಾಗು ಸಾಕು."

ಅವರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. "ನಾನೊಬ್ಳೇ ತೀರ್ಮಾನ ಮಾಡೋ ವಿಷ್ಯ ಅಲ್ಲ ಇದು. ನಮ್ಮನೆಯವ್ರೂ ಅವ್ರಣ್ಣನ್ನ ಕೇಳ್ದೆ ಏನೂ ಮಾಡಲ್ಲ. ನಮ್ ಭಾವನ್ನ ಕೇಳ್ಕಂಡು ಭಾನುವಾರ ಕಳಿಸ್ತೀನಿ" ಅಂದರು. ಕಾಫಿ ಬರಲಿಲ್ಲ. ನನಗೆ ಅದು ಲಕ್ಷ್ಯಕ್ಕೂ ಬರಲಿಲ್ಲ. ಒಂದು ಬ್ಯಾಗಿನ ವಿಷಯವನ್ನು ಮನೆಯ ಹಿರಿಯರ ಹತ್ತಿರ ಚರ್ಚಿಸಿ ತೀರ್ಮಾನಿಸುವ ಜನ, ಕೊನೆಗೂ ಬೆಲೆ ತಿಳಿದವರು ಸಿಕ್ಕರು ಎಂದುಕೊಂಡು ರೈಲು ಹತ್ತಿದೆ.

ಭಾನುವಾರ ಶಶಿರೇಖ ಮತ್ತು ಸುಮಿತಾ ಮದುವೆಯ ಬ್ಲೌಸು ಹೊಲಿಸಲು ರಾಬರ್ಟ್‌ಸನ್‌ಪೇಟೆಗೆ ಹೋಗಿದ್ದರು. ಹತ್ತು ಗಂಟೆಗೆ ಬಾಗಿಲು ಬಡಿಯಿತು. ಪಕ್ಕದ ಮನೆಯ ಮಾರಿಯಮ್ಮ, ಕೈಯಲ್ಲಿ ಮೂರನೇ ನಂಬರು.

"ಇಂದಾ ಅಣ್ಣಾ, ನಿಮ್ದು. ಒಳ್ಗಿರೋದು ಅಂಗೇ ಐತೆ, ನಾವು ಕೈ ಇಟ್ಟಿಲ್ಲ. ಇಂಥದ್ದು ಮನೇಲಿ ಇಟ್ಕೋಬಾರ್ದು ಅಂತ ನಮ್ಮ ಅತ್ತೆ ಏಳ್ತು."

"ಸರಿಯಾಗಿ ಹೇಳಿದ್ದಾರೆ" ಎಂದೆ. "ಇಡಲು ಜಾಗ ಬೇಕು, ತೇವ ಇರಬಾರದು, ನೋಡಿಕೊಳ್ಳುವವರು ಬೇಕು. ಕೂತ್ಕೊಳ್ಳಿ, ಕಾಫಿ ಕುಡಿಯಿರಿ."

ಮಾರಿಯಮ್ಮ ಕೂರಲಿಲ್ಲ. "ಸುಮಿತಾ ಎಲ್ಲಿ ಅಣ್ಣಾ?"

"ಮದುವೆ ಬ್ಲೌಸ್ ಹೊಲಿಸೋಕೆ ಹೋಗಿದ್ದಾಳೆ."

"ಅಯ್ಯೋ ಪಾವಂ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದರು. ಬ್ಲೌಸು ಹೊಲಿಸುವುದರಲ್ಲಿ ಪಾಪ ಏನಿದೆಯೋ ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಇನ್ನಿಬ್ಬರು ಬಂದರು, ಹನ್ನೊಂದು ಮತ್ತು ಇಪ್ಪತ್ತೆರಡು. ಅವರ ಹಿಂದೆ ಮುನಿರಾಜರ ಹೆಂಡತಿ, ಆಧಾರ್ ಕಾರ್ಡು ಹೊರಗೆ ತೆಗೆದ ಎಂಟನೇ ನಂಬರಿನೊಂದಿಗೆ. ಬಂಗಾರಪೇಟೆಯ ಕಡೆಯವರು ಒಂದು ಆಟೋದಲ್ಲಿ ಒಂಬತ್ತು ಬ್ಯಾಗು ಒಟ್ಟಿಗೆ ಕಳಿಸಿದ್ದರು. ಉಳಿದವೂ ಒಂದೊಂದಾಗಿ ಬಂದವು. ಕೆಲವರು ಬಾಳೆಹಣ್ಣನ್ನೂ ಹಾಗೆಯೇ ವಾಪಸ್ ತಂದಿದ್ದರು, ಆರು ದಿನದ ಬಾಳೆಹಣ್ಣು. ಅದೊಂದು ನೋವು ಬಿಟ್ಟರೆ ಅಂದು ನನ್ನ ಬಾಳಿನ ಬಹಳ ಒಳ್ಳೆಯ ಬೆಳಗು. ಊರಿನವರನ್ನು ವೃಥಾ ಬೈದುಕೊಂಡೆನಲ್ಲ, ಎಷ್ಟು ಅರ್ಥ ಮಾಡಿಕೊಳ್ಳುವ ಜನ ಎಂದುಕೊಂಡು ಒಬ್ಬೊಬ್ಬರಿಗೂ ಕೈ ಮುಗಿದೆ. ಅವರು ನನ್ನನ್ನು ನೋಡಿ ಒಬ್ಬರ ಕಿವಿಯಲ್ಲೊಬ್ಬರು ಏನೋ ಅಂದುಕೊಂಡು ಹೋದರು. ನಾನು ಹಜಾರದ ತುಂಬ ಪಂಚೆ ತುಂಡು ಹರಡಿ ಬ್ಯಾಗು ಒರೆಸುತ್ತ ಕೂತೆ.

ಕೊನೆಗೆ ಬಂದವರು ರವಿಕಿರಣನ ದೊಡ್ಡಪ್ಪ ಚಿಕ್ಕವೆಂಕಟಪ್ಪ. ಕೈಯಲ್ಲಿ ಒಂದು ತಟ್ಟೆ. ತಟ್ಟೆಯಲ್ಲಿ ಹದಿನಾಲ್ಕನೇ ನಂಬರು, ತೆಂಗಿನಕಾಯಿ, ನಾವು ಬೀಗರಿಗೆ ಕೊಟ್ಟಿದ್ದ ಸೀರೆ, ಪಂಚೆ. ನಾನು ತಟ್ಟೆಯಿಂದ ಬ್ಯಾಗು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಮಣಿಯೂ ಉದುರಿರಲಿಲ್ಲ.

"ದೊಡ್ಡ ಮನಸ್ಸು ನಿಮ್ಮದು" ಎಂದೆ. "ಕುಂಕುಮ ಒಂದು ಹಚ್ಚಬಾರದಿತ್ತು."

"ಇನ್ಮೇಲೆ ಅಚ್ಚಲ್ಲ ಬಿಡಿ" ಅಂದರು ಅವರು.

"ಸೀರೆ ಯಾಕೆ ತಂದಿರಿ? ಬ್ಯಾಗು ಮಾತ್ರ ಸಾಕಿತ್ತು."

"ನಿಮ್ದು ನಿಮ್ಗೆ. ದೊಡ್ಡ ಮನುಷ್ಯ್ರು ಮುಖಕ್ಕೆ ಒಡ್ದಂಗೆ ಬ್ಯಾಡ ಅನ್ನಲ್ಲ, ಚೀಲ ಗೀಲ ಅಂತ ಸುತ್ತಿ ಬಳಸಿ ಏಳ್ತಾರೆ. ನಮ್ಗೂ ಅರ್ಥ ಆಯ್ತದೆ. ಹುಡ್ಗಿಗೆ ನಾವು ಆಕಿದ್ ಉಂಗ್ರ ಕೊಟ್ರೆ ನಾನು ಒಂಟೋಯ್ತೀನಿ."

ಆ ಮಾತು ಮುಗಿಯುವಾಗ ಶಶಿರೇಖ, ಸುಮಿತಾ ಹೊಸಲಿನ ಮೇಲೆ ನಿಂತಿದ್ದರು. ಸುಮಿತಾ ತಟ್ಟೆ ನೋಡಿದಳು. ನೆಲದ ಮೇಲೆ ಸಾಲಾಗಿದ್ದ ಬ್ಯಾಗುಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಎಲ್ಲ ಬಂತಾ ಅಪ್ಪ? ಇಪ್ಪತ್ತೇಳೂ?"

"ಬಂತಮ್ಮ" ಎಂದೆ. ಸಂತೋಷವಾಗಿಯೇ ಅಂದೆ, ಸುಳ್ಳು ಯಾಕೆ ಹೇಳಲಿ.

"ಸರಿ" ಎಂದು ಅವಳು ಬೆರಳಿನ ಉಂಗುರ ಎಳೆದಳು. ಬರಲಿಲ್ಲ. ಬಚ್ಚಲಿಗೆ ಹೋಗಿ ಸೋಪು ಹಚ್ಚಿಕೊಂಡಳು, ಆಗಲೂ ಬರಲಿಲ್ಲ. ಬಚ್ಚಲಿನಲ್ಲಿ ನೀರು ಬಿಟ್ಟ ಸದ್ದು, ಆ ಸದ್ದಿನ ಮಧ್ಯೆ ಅವಳು ಅಳುವ ಸದ್ದು ಕೇಳಿತು. ಬೆಳಗಿನಿಂದ ಆ ಹೆಂಗಸರೆಲ್ಲ ಯಾಕೆ ಬಂದು ಹೋದರೆಂಬುದು ಆಗ ನನ್ನ ತಲೆಗೆ ಹತ್ತಿತು.

"ಬರ್ದಿದ್ರೆ ಎಳೀಬ್ಯಾಡಮ್ಮ, ನೋವಾಯ್ತದೆ" ಎಂದು ಚಿಕ್ಕವೆಂಕಟಪ್ಪ ಹೊರಗಿನಿಂದಲೇ ಕೂಗಿ ಹೇಳಿದರು. "ನಿಧಾನವಾಗಿ ಬಿಚ್ಚಿ ನಾಳೆ ನಾಡಿದ್ರಲ್ಲಿ ಕಳಿಸಿ." ನೀರು ಕೂಡ ಮುಟ್ಟದೆ ಹೊರಟುಹೋದರು.

ಶಶಿರೇಖ ಎತ್ತರದ ದನಿಯಲ್ಲಿ ಮಾತಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಮೆಲ್ಲಗೆ ಮಾತಾಡಿದಳು. "ಆ ಇಪ್ಪತ್ತೇಳು ಬ್ಯಾಗಿಗೂ ತಾಂಬೂಲ ಇಟ್ಟು, ಇಪ್ಪತ್ತೇಳು ಮನೆಗೂ ಹೋಗಿ ಕೊಟ್ಟು ಬನ್ನಿ. ನನ್ನ ಮಗಳ ಉಂಗುರ ಬೆರಳಲ್ಲೇ ಇರಬೇಕು. ಇಲ್ಲ ಅಂದ್ರೆ ನಾಳೆಯಿಂದ ನೀವುಂಟು, ನಿಮ್ಮ ಬೀರು ಉಂಟು."

ಕೊಡುವುದಕ್ಕೆ ನಾನು ಸಿದ್ಧನಿದ್ದೆ. ಆದರೆ ಮುತ್ತೈದೆಯರಿಗೆ ಕುಂಕುಮ ಇಟ್ಟು ತಾಂಬೂಲ ಕೊಡುವುದು ಹೆಂಗಸರ ಕೆಲಸ. ಒಬ್ಬ ಗಂಡಸು ಹೋಗಿ ಪಕ್ಕದ ಮನೆಯವರ ಹೆಂಡತಿಯ ಹಣೆಗೆ ಕೈ ಚಾಚಿದರೆ ಮುನಿರಾಜ್ ಬೇರೆ ಕಾಗದ ತೆಗೆಯಬೇಕಾಗುತ್ತದೆ. ಶಶಿರೇಖ ಬರುವುದಿಲ್ಲ, ತನಗೆ ಮುಖವಿಲ್ಲ ಅಂದಳು. ಉಳಿದವರು ಲೋಕದಲ್ಲಿ ಒಬ್ಬರೇ. ನಾನು ಮುಂದಿನ ಬೀದಿಗೆ ಹೋಗಿ ಮಂಗಮ್ಮನ ಬಾಗಿಲು ತಟ್ಟಿದೆ.

ಮಂಗಮ್ಮ ಎಲ್ಲವನ್ನೂ ಕೇಳಿದರು. ಎರಡು ಸಲ ಹೇಳಿಸಿಕೊಂಡರು, ಒಂದನೆಯ ಸಲವೇ ಅರ್ಥವಾಗಿದ್ದರೂ. "ಬತ್ತೀನಿ" ಅಂದರು. "ಆದ್ರೆ ಬಾಳೆಹಣ್ಣು ನಾನೇ ಇಡ್ತೀನಿ, ನೀನು ಮುಖ ಕಿವುಚಂಗಿಲ್ಲ. ಯಾರ ಮನೆ ಬಾಗ್ಲಾಗೂ ನೀನು ಬಾಯಿ ಬಿಡಂಗಿಲ್ಲ. ಮಾತೆಲ್ಲ ನಂದು."

ಮಾರನೆಯ ದಿನ ನನ್ನ ಮೊಪೆಡ್ಡಿನ ಮುಂದೆ ತೆಂಗಿನಕಾಯಿ ಮೂಟೆ, ಹಿಂದೆ ಮಂಗಮ್ಮ, ಮಂಗಮ್ಮನ ಮಡಿಲಲ್ಲಿ ಬ್ಯಾಗುಗಳ ಬುಟ್ಟಿ. ಅವರು ಒಂದೊಂದರಲ್ಲೂ ಬಾಳೆಹಣ್ಣು ಇಟ್ಟು, ನನ್ನ ಕಣ್ಣೆದುರೇ ಒತ್ತಿದರು. ಮೊದಲ ಬಾಗಿಲು ಮಾರಿಯಮ್ಮನವರದು. ಮಂಗಮ್ಮ ಕುಂಕುಮ ಇಟ್ಟು ಹೇಳಿದರು.

"ನಿಶ್ಚಯ ಮುರಿದಿಲ್ಲ ಕಣಮ್ಮ. ನಮ್ ಶಶಿ ಗಂಡಂಗೆ ತಲೆ ನೆಟ್ಟಗಿಲ್ಲ. ಹುಡುಗಿ ಮುಖ ನೋಡಿ ಈಸ್ಕೋ."

ನಾನು ಬಾಯಿ ತೆರೆದೆ. ಮಂಗಮ್ಮ ತಿರುಗಿ ನೋಡಿದರು. ಮುಚ್ಚಿದೆ. ಮಾರಿಯಮ್ಮ ನನ್ನನ್ನು ಬಹಳ ಕರುಣೆಯಿಂದ ನೋಡಿ, "ಅಂಗಾ? ನಂಗೂ ಆವತ್ತೇ ಡೌಟ್ ಬಂತು" ಎಂದು ಸೆರಗೊಡ್ಡಿ ತೆಗೆದುಕೊಂಡರು. ಹೀಗೆ ಇಪ್ಪತ್ತಾರು ಬಾಗಿಲುಗಳಲ್ಲಿ ಮಂಗಮ್ಮ ನನ್ನ ತಲೆಯ ಸ್ಥಿತಿಯನ್ನು ಒಂದಕ್ಷರ ಬದಲಾಯಿಸದೆ ವರದಿ ಮಾಡಿದರು. ಅದರಲ್ಲಿ ಇಬ್ಬರು ನನ್ನ ಕಾರ್ಖಾನೆಯ ಆಫೀಸರುಗಳ ಹೆಂಡತಿಯರು. ಒಬ್ಬರಾದರೂ "ಇರಲಾರದು" ಅನ್ನಲಿಲ್ಲ. ಮುನಿರಾಜ್ ಮಾತ್ರ ಬಾಗಿಲಿಗೆ ಬಂದು, "ಇದನ್ನ ಆವತ್ತೇ ಏಳಿದ್ರೆ ಅಂಗೇ ಬರ್ಕಂತಿದ್ದೆ ಸಾರ್" ಎಂದು ಬೇಜಾರು ಮಾಡಿಕೊಂಡರು.

ಇಪ್ಪತ್ತೇಳನೆಯದು ದ್ಯಾವಮ್ಮನವರ ಮನೆ. ನಾವು ಹೋಗುವುದು ಹೇಗೋ ತಿಳಿದು ಬೀದಿಯ ಜನವೆಲ್ಲ ಜಗಲಿಯ ಮೇಲೆ ಸೇರಿತ್ತು. ಚಿಕ್ಕವೆಂಕಟಪ್ಪ ಮಂಚದ ಮೇಲೆ ಕೂತಿದ್ದರು, ರವಿಕಿರಣ ಗೋಡೆಗೊರಗಿ ನಿಂತಿದ್ದ. ಎರಡು ದಿನದಿಂದ ಅವನು ಅಂಗಡಿ ತೆಗೆದಿರಲಿಲ್ಲವಂತೆ, ಗಡ್ಡ ಬಂದಿತ್ತು. ಮಂಗಮ್ಮ ಹದಿನಾಲ್ಕನೇ ನಂಬರು ಹಿಡಿದು ತಮ್ಮ ಮಾತು ಶುರು ಮಾಡಿದರು. ದ್ಯಾವಮ್ಮ ಕೈ ಎತ್ತಿ ತಡೆದರು.

"ನೀನು ಏಳ್ಬ್ಯಾಡಮ್ಮ. ವಾಪಸ್ ಕೇಳಿದ್ದು ಅವ್ರು, ಅವ್ರೇ ಏಳ್ಲಿ."

ಮೊಪೆಡ್ಡು ಹತ್ತಿ ವಾಪಸ್ ಹೋಗಿಬಿಡಲೇ ಎನ್ನಿಸಿತು. ಬಚ್ಚಲಿನಲ್ಲಿ ನೀರು ಬಿಟ್ಟ ಸದ್ದು ನೆನಪಾಯಿತು. "ನಿಶ್ಚಯ ಮುರಿದಿಲ್ಲ" ಎಂದೆ, ಇಡೀ ಬೀದಿಗೆ ಕೇಳುವಷ್ಟು ಸಿಟ್ಟಿನಲ್ಲಿ. "ನನಗೆ ನಿಜವಾಗಿಯೂ ಬೇಕಾಗಿದ್ದದ್ದು ಬ್ಯಾಗು ಒಂದೇ. ನನಗೆ ತಲೆ ನೆಟ್ಟಗಿಲ್ಲ. ತಾಂಬೂಲ ತಗೊಳ್ಳಿ."

ದ್ಯಾವಮ್ಮ ಸೆರಗು ಸರಿಮಾಡಿಕೊಂಡರು. ಆಮೇಲೆ ಹೇಳಿದರು. "ನಿಜವಾಗ್ಲೂ ಚೀಲಕ್ಕೇ ಬಂದಿದ್ರಾ? ಅಂಗಾದ್ರೆ ತಪ್ಪು ನಂದೇ. ನಾನು ಆವತ್ತೇ ನಂಬ್ಬೇಕಿತ್ತು. ಆ ಹುಡುಗಿ ಮೊದ್ಲೇ ಏಳಿತ್ತು."

"ಏನು ಹೇಳಿದ್ದಳು?"

"ಎಣ್ಣು ನೋಡೋಕೆ ಬಂದ್ವಲ್ಲ, ಆಗ ನನ್ನ ಇಂದ್ಗಡೆ ಇತ್ಲಿಗೆ ಕರ್ಕಂಡು ಓಯ್ತು. ಒಡವೆ ಕೇಳ್ತದೇನೋ, ಬೇರೆ ಮನೆ ಕೇಳ್ತದೇನೋ ಅಂದ್ಕಂಡೆ. ಅದು ಏಳಿದ್ದು ಒಂದೇ ಮಾತು. ನಮ್ಮಪ್ಪ ಬ್ಯಾಗು ಬ್ಯಾಗು ಅಂತ ಆಡ್ತಾರೆ, ಗೊತ್ತಾದೋರೆಲ್ಲ ನಗ್ತಾರೆ, ನಿಮ್ಮನೆಯವ್ರು ಯಾರೂ ನಗಬಾರ್ದು, ಅದಕ್ಕೆ ಒಪ್ಪಿದ್ರೆ ನಾನೂ ಒಪ್ತೀನಿ ಅಂತು. ನಾನು ಮನೇಗ್ ಬಂದು ಎಲ್ರತ್ರಾನೂ ಮಾತು ಈಸ್ಕಂಡೆ. ಅದಕ್ಕೇ ಆವತ್ತು ನೀವು ರಜಾ ಆಕ್ಕಂಡ್ ಬಂದು ಬ್ಯಾಗು ಕೇಳಿದ್ರೂ ನಾನು ನಗ್ಲಿಲ್ಲ ಬೀಗ್ರೇ. ನಗ್ದೇ ಕೂತು ಯೋಚ್ನೆ ಮಾಡಿದ್ದೇ ಎಡವಟ್ಟಾಯ್ತು."

ನನಗೆ ನನ್ನ ಮೇಲೆ ಬಂದಷ್ಟು ಕೋಪ ಬ್ಯಾಗನ್ನು ಇಲಿಗೆ ಬಿಟ್ಟವನ ಮೇಲೂ ಬಂದಿರಲಿಲ್ಲ, ಮಂಗಮ್ಮನ ಮೇಲೂ ಬಂದಿರಲಿಲ್ಲ. ಮಂಗಮ್ಮ ಕುಂಕುಮ ಇಟ್ಟು, ತಾಂಬೂಲದ ಬ್ಯಾಗನ್ನು ದ್ಯಾವಮ್ಮನ ಸೆರಗಿಗೆ ಹಾಕಿದರು.

"ದ್ಯಾವಮ್ಮನವರೇ" ಎಂದೆ. "ಆ ಮಾತು ಇವತ್ತಿಗೆ ತೀರಿತು. ಎಲ್ಲರೂ ಇನ್ನು ನಗಬಹುದು."

ದ್ಯಾವಮ್ಮ ಸೆರಗು ಬಾಯಿಗೆ ಒತ್ತಿಕೊಂಡರು, ಆಗಲಿಲ್ಲ. ಚಿಕ್ಕವೆಂಕಟಪ್ಪ "ಕುಂಕುಮ ಅಚ್ಚಬಾರ್ದಿತ್ತು ಅಂದ್ರು ಕಣಮ್ಮ, ಉಂಗ್ರ ಕೇಳೋಕೆ ಓದ್ರೆ" ಎಂದವರು ಮಂಚ ಅಲುಗುವಂತೆ ನಗತೊಡಗಿದರು. ಜಗಲಿ ನಕ್ಕಿತು, ಬೀದಿ ನಕ್ಕಿತು. ಮಂಗಮ್ಮ ಕಣ್ಣೊರೆಸಿಕೊಂಡು ನಕ್ಕರು. ನಾನು ಹಲ್ಲು ಕಚ್ಚಿಕೊಂಡು ನಡುವೆ ನಿಂತಿದ್ದೆ. ರವಿಕಿರಣ ಮಾತ್ರ ಗೋಡೆಗೊರಗಿ, ತುಟಿ ಬಿಗಿದು, ನೆಲ ನೋಡುತ್ತಿದ್ದ.

"ನೀನೂ ನಕ್ಕುಬಿಡಪ್ಪ" ಎಂದೆ.

"ಇಲ್ಲ ಮಾವ" ಎಂದ ಅವನು. "ಅವ್ರೆಲ್ಲ ಮಾತು ಕೊಟ್ಟಿದ್ದು ಅಮ್ಮಂಗೆ. ನಾನು ಕೊಟ್ಟಿರೋದು ಸುಮಿತಾಗೆ."

ಆ ಬೀದಿಯಲ್ಲಿ ಅಂದು ನನಗೆ ಕೋಪ ಬಾರದಿದ್ದದ್ದು ಅವನೊಬ್ಬನ ಮೇಲೆ.